ನೂರ ಅರವತ್ತಮೂರು ಖಾತೆಗಳ ಬುಧವಾರ

ಗುರುವ ಪೂಜಾರಿ ಯಾರನ್ನೂ ನಂಬುವವನಲ್ಲ. ಸಿಂಗಾಪುರದ ಹೌಗಾಂಗಿನ ಮಾರ್ಕೆಟ್ಟಿನಲ್ಲಿ ಬಂಗುಡೆ ಕೊಂಡರೆ ಮೊದಲು ಮೀನಿನ ಕಣ್ಣು ನೋಡುತ್ತಾನೆ, ಆಮೇಲೆ ಮಾರುವವಳ ಕಣ್ಣು ನೋಡುತ್ತಾನೆ, ಮನೆಗೆ ತಂದು ಇನ್ನೊಮ್ಮೆ ತೂಗುತ್ತಾನೆ. ಹದಿನಾಲ್ಕನೆಯ ಮಹಡಿಯ ಬಾಡಿಗೆ ಮನೆಗೆ ಲಿಫ್ಟ್ ಹತ್ತುವ ಮುಂಚೆ ಅದರ ತಪಾಸಣೆ ಯಾವತ್ತು ಆಯಿತೆಂಬ ಚೀಟಿಯನ್ನು ಓದುತ್ತಾನೆ. ಮಗಳು ದೀಕ್ಷಿತಾ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದರೆ ಪೇಪರ್ ಸುಲಭವಿತ್ತಾ ಎಂದು ಕೇಳುತ್ತಾನೆ. "ಪಪ್ಪಾ, ಯು ಆರ್ ಇಂಪಾಸಿಬಲ್ ಲಾ" ಎಂದು ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಗುರುವನದು ಹುಟ್ಟುಗಣ್ಣೇ ಹಾಗೆ. ಅದಕ್ಕೆ ಸಂಬಳ ಕೊಡುವ ಒಂದು ಕೆಲಸವೂ ಈ ಜಗತ್ತಿನಲ್ಲಿದೆ ಎಂಬುದು ಅವನ ಪುಣ್ಯ.

ಕೆಲಸ ಇಂಥದು. ಸಿಂಗಾಪುರದ ಒಂದು ಮಧ್ಯಮ ಗಾತ್ರದ ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಕೂತು, ನಾಳೆ ಗಿರಾಕಿಗಳು ಹೆದರಿ ಓಡಿಬಂದರೆ ಮೂವತ್ತು ದಿನಗಳಲ್ಲಿ ಎಷ್ಟು ಹಣ ಹೊರಗೆ ಹೋದೀತು ಎಂದು ಅಂದಾಜು ಮಾಡುವುದು. ಅಷ್ಟು ಹಣವನ್ನು ಬ್ಯಾಂಕು ಕೈಗೆಟಕುವ ಹಾಗೆ ಇಟ್ಟುಕೊಂಡಿರಬೇಕು. ಈ ನಿಯಮ ಹುಟ್ಟಿದ್ದು ಎರಡು ಸಾವಿರದ ಎಂಟರಲ್ಲಿ ಅಮೆರಿಕದ ದೊಡ್ಡ ದೊಡ್ಡ ಕಂಪನಿಗಳು ಮುಳುಗಿ, ಲೋಕವೆಲ್ಲ ನಡುಗಿದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗುರುವ ನಗುತ್ತಾನೆ. ಆದರೆ ಹಾಕಿದ ಬಾಗಿಲಿನ ಅಗುಳಿಯನ್ನು ದಿನಾ ಮುಟ್ಟಿ ನೋಡುವವನೂ ಅವನೇ.

ಜೂನ್ ತಿಂಗಳ ಕೊನೆಯ ಶುಕ್ರವಾರ ಈ ಅಂದಾಜಿನ ವರ್ಷದ ಫಾರಂಗೆ ಸಹಿ ಹಾಕಬೇಕಿತ್ತು. ಸಂಬಳದಾರರ ಸಣ್ಣಪುಟ್ಟ ಠೇವಣಿ, ವಿಮೆಯ ರಕ್ಷಣೆ ಇರುವಂಥದ್ದು, ಅಲುಗದ ಹಣ ಎಂದು ಲೆಕ್ಕ. ಎಂಥ ಗಾಬರಿಯಲ್ಲೂ ಅದರಲ್ಲಿ ನೂರಕ್ಕೆ ಐದು ಮಾತ್ರ ಹೊರಗೆ ಹೋಗುತ್ತದೆ ಎಂದು ಬ್ಯಾಂಕು ಸರ್ಕಾರದ ನಿಯಂತ್ರಕರಿಗೆ ಪ್ರತಿವರ್ಷ ಬರೆದುಕೊಡುತ್ತ ಬಂದಿತ್ತು. ಗುರುವನಿಗೆ ಆ ಐದರ ಮೇಲೆ ನಂಬಿಕೆಯಿಲ್ಲ. ಹತ್ತು ಬರೆಯಬೇಕೆಂಬುದು ಅವನ ಹಟ. ಹತ್ತು ಬರೆದರೆ ಬ್ಯಾಂಕು ಇನ್ನಷ್ಟು ಹಣವನ್ನು ಸುಮ್ಮನೆ ಕಟ್ಟಿಡಬೇಕು, ಲಾಭ ಕಡಿಮೆಯಾಗುತ್ತದೆ, ಮೇಲಿನವರ ಮುಖ ಕಪ್ಪಿಡುತ್ತದೆ. ಜುಲೈನಲ್ಲಿ ಅವನ ಕೆಲಸದ ಪಾಸ್ ನವೀಕರಣಕ್ಕೆ ಬರುತ್ತಿತ್ತು, ಅದರ ಅರ್ಜಿಯನ್ನು ಬ್ಯಾಂಕೇ ಕಳಿಸಬೇಕು. ಇಲ್ಲೇ ಕಾಯಂ ನೆಲೆಸಲು ಹಾಕಿದ ಪಿಆರ್ ಅರ್ಜಿ ಎರಡು ಸಲ ವಾಪಸಾಗಿತ್ತು, ಮಗಳಿಗೆ ಇದು ಶಾಲೆಯ ಕೊನೆಯ ವರ್ಷ. ಪಾಸ್ ಹೋದರೆ ಗಂಡ, ಹೆಂಡತಿ, ಮಗಳು ಮೂವರೂ ಗಂಟುಮೂಟೆ ಕಟ್ಟಬೇಕು. ಪುರಾವೆಯಿಲ್ಲದೆ ಹತ್ತು ಅನ್ನುವ ಹಾಗಿರಲಿಲ್ಲ.

ಈ ಹಟ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಅವನ ಅಪ್ಪ ಐತಪ್ಪ ಕಾಪು ಕಡೆಯ ಒಂದು ಸಣ್ಣ ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದ. ಬಗಲಲ್ಲಿ ಚೀಲ ಹಾಕಿಕೊಂಡು ಬೀಡಿ ಕಟ್ಟುವವರು, ಮೀನು ಮಾರುವವರು, ಕ್ಷೌರದ ಅಂಗಡಿ, ಸೋಡಾ ಅಂಗಡಿ ಎಲ್ಲ ಸುತ್ತಿ ದಿನಕ್ಕೆ ಒಂದೊಂದು ರೂಪಾಯಿ ಎತ್ತಿ, ಕಾರ್ಡಿನಲ್ಲಿ ಬರೆದು ಸೊಸೈಟಿಗೆ ಕಟ್ಟುವುದು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂರು ಮನೆಯ ನಾನೂರು ಕಾರ್ಡು. ಒಂದು ಸೋಮವಾರ ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ ಯಾರೋ ಏನೋ ಅಂದರು. ಮಧ್ಯಾಹ್ನದ ಊಟದ ಹೊತ್ತಿಗೆ ನಾನೂರು ಜನವೂ ಸೊಸೈಟಿಯ ಮೆಟ್ಟಿಲ ಮೇಲಿದ್ದರು, ಸಂಜೆಗೆ ಬಾಗಿಲು ಮುಚ್ಚಿತು. ಯಾರೂ ಕದ್ದಿರಲಿಲ್ಲ ಎಂದು ಸರ್ಕಾರದ ತನಿಖೆಯವರು ಆಮೇಲೆ ಬರೆದರು. ಬರೆದರೇನು, ಜನ ಬಂದು ನಿಂತದ್ದು ಐತಪ್ಪನ ಅಂಗಳದಲ್ಲಿ. ಬಾಗಿಲ ಸಂದಿಯಿಂದ ಅವರ ಮುಖಗಳನ್ನು ನೋಡಿದ ಹನ್ನೊಂದು ವರ್ಷದ ಗುರುವ ಅಂದಿನಿಂದ ಯಾವ ಲೆಕ್ಕವನ್ನೂ ಒಂದೇ ಸಲ ಓದಿ ನಂಬಿದವನಲ್ಲ.

ಸಹಿಗೆ ಇನ್ನೂ ಎರಡು ವಾರ ಇರುವಾಗ ಅವನ ಕೈಕೆಳಗಿನ ಹುಡುಗಿ ಅನಘಾ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು. ಮೈಸೂರಿನವಳು, ಚುರುಕು.

"ಸರ್, ಒಂದ್ನಿಮಿಷ ಈ ಶೀಟ್ ನೋಡ್ತೀರಾ? ಮಾರ್ಚ್ ಡೇಟಾ. ಸ್ವಲ್ಪ ವಿಯರ್ಡ್ ಆಗಿದೆ. ಒಂದೇ ಬುಧವಾರ ನೂರ ಅರವತ್ತಮೂರು ಅಕೌಂಟ್ ಖಾಲಿ ಆಗಿವೆ. ಅದೂ ಹನ್ನೆರಡು ನಲವತ್ತರಿಂದ ಎರಡು ಹತ್ತರ ಒಳಗೆ."

ಗುರುವ ಶೀಟ್ ನೋಡುವ ಮೊದಲು ಅವಳನ್ನು ನೋಡಿದ. "ಇದನ್ನ ಹುಡುಕು ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸರ್. ಸಾರ್ಟ್ ಮಾಡ್ತಾ ಇದ್ದೆ, ಕಾಣಿಸ್ತು."

ಹೆಸರುಗಳಿರಲಿಲ್ಲ. ರಿಸ್ಕ್ ವಿಭಾಗಕ್ಕೆ ಬರುವ ಪಟ್ಟಿಯಲ್ಲಿ ಹೆಸರು ಅಳಿಸಿರುತ್ತಾರೆ, ಬ್ಯಾಂಕಿನ ಸಿಬ್ಬಂದಿಯ ಖಾತೆಗಳನ್ನು ಪೂರ್ತಿ ತೆಗೆದುಹಾಕಿರುತ್ತಾರೆ. ಉಳಿದದ್ದು ಅಂಚೆ ಸಂಖ್ಯೆ ಮತ್ತು ಸಂಬಳ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ. ಕೆಲವು ಹೌಗಾಂಗ್, ಹಲವು ಸೆಂಬವಾಂಗ್, ಅರ್ಧಕ್ಕಿಂತ ಹೆಚ್ಚು ಜನರ ಸಂಬಳ ಜುರಾಂಗ್ ಐಲ್ಯಾಂಡಿನ ರಿಫೈನರಿಗಳಿಂದ. ಎಲ್ಲವೂ ವಿಮೆಯ ಮಿತಿಯೊಳಗಿನ ಠೇವಣಿ. ನಿಯಮದ ಭಾಷೆಯಲ್ಲಿ ಅಲುಗದ ಹಣ. ಅದು ಒಂದು ಊಟದ ವಿರಾಮದಲ್ಲಿ ಎದ್ದು ಹೋಗಿತ್ತು.

ಇದರ ಹಿಂದೆ ಒಂದೇ ಕೈ ಇದೆ ಎಂದು ಗುರುವನಿಗೆ ಆಗಲೇ ಖಾತ್ರಿಯಾಯಿತು. ಯಾವನೋ ಏಜೆಂಟ್ ಇವರ ಹೆಸರಿನಲ್ಲಿ ಹಣ ಇಟ್ಟಿರಬೇಕು, ಇಲ್ಲವೇ ಯಾವುದೋ ಸ್ಕ್ಯಾಮ್. ಆ ಬುಧವಾರ ಬ್ಯಾಂಕಿನ ಬಗ್ಗೆ ಪತ್ರಿಕೆಯಲ್ಲಿ ಒಂದು ಸಾಲೂ ಬಂದಿರಲಿಲ್ಲ, ಬಡ್ಡಿಯೂ ಬದಲಾಗಿರಲಿಲ್ಲ. ಕಾರಣವಿಲ್ಲದೆ ನೂರ ಅರವತ್ತಮೂರು ಜನ ಒಟ್ಟಿಗೆ ಏಳುತ್ತಾರೆಯೇ?

ವಿಭಾಗದ ಮುಖ್ಯಸ್ಥೆ ಕ್ವೆಕ್ ಸ್ಯೂ ಲೆಂಗ್. ಹತ್ತೊಂಬತ್ತು ವರ್ಷ ಅದೇ ಬ್ಯಾಂಕಿನಲ್ಲಿ ಸವೆದ ಹೆಂಗಸು, ಮಾತು ಕಡಿಮೆ. ಗುರುವ ಶೀಟನ್ನು ಮುಂದಿಟ್ಟಾಗ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಸಣ್ಣ ಮೊತ್ತ, ಗುರು. ಸಮುದ್ರದಿಂದ ಒಂದು ಬಕೆಟ್ ನೀರು. ಬಿಟ್ಟುಬಿಡಿ" ಎಂದಳು ಇಂಗ್ಲಿಷಿನಲ್ಲಿ.

"ಬಕೆಟ್ ಸಣ್ಣದೇ. ಅದನ್ನು ಎತ್ತಿದವರು ಯಾರು ಅಂತ ನನಗೆ ಬೇಕು."

"ಕಾಕತಾಳೀಯ. ಫೈವ್ ಎಂದೇ ಬರೆಯಿರಿ."

ಬಿಡು ಎಂದರೆ ಬಿಡುವವನಾಗಿದ್ದರೆ ಅವನು ಗುರುವನೇ ಅಲ್ಲ. ಹೆಸರುಳ್ಳ ಪೂರ್ಣ ಪಟ್ಟಿಗಾಗಿ ಸಿಸ್ಟಮ್ಮಿನಲ್ಲಿ ಕೋರಿಕೆ ಹಾಕಿದ. ಕಡತಕ್ಕೆ ಬೀಗ ಬಿದ್ದಿತ್ತು. ಹಾಕಿದ ದಿನಾಂಕ ಮಾರ್ಚ್ ಇಪ್ಪತ್ತೇಳು, ಅಂದರೆ ಆ ಬುಧವಾರದ ಮರುದಿನ. ಹಾಕಿದವರು ಕ್ವೆಕ್ ಸ್ಯೂ ಲೆಂಗ್.

ಈಗ ಅವನಿಗೆ ಊಟ ರುಚಿಸಲಿಲ್ಲ. ಮೂರು ತಿಂಗಳಿಂದ ಆಕೆಗೆ ಗೊತ್ತಿದೆ, ಮುಚ್ಚಿಟ್ಟಿದ್ದಾಳೆ, ನನ್ನೆದುರು ಬಕೆಟ್ ಕತೆ ಹೇಳುತ್ತಾಳೆ! ಅಂದಿನಿಂದ ಅವನು ಸ್ಯೂ ಲೆಂಗಳ ಮೇಲೆ ಕಣ್ಣಿಡತೊಡಗಿದ. ಯಾವ ಹೊತ್ತಿಗೆ ಕಿಟಕಿಯ ಬಳಿ ನಿಂತು ಫೋನಿನಲ್ಲಿ ಮಾತಾಡುತ್ತಾಳೆ, ಯಾರ ಜೊತೆ ಹಾಕರ್ ಸೆಂಟರ್‌ಗೆ ಊಟಕ್ಕೆ ಹೋಗುತ್ತಾಳೆ, ಅವನು ಬಂದರೆ ಯಾವ ಕಾಗದ ಮಗುಚಿಡುತ್ತಾಳೆ, ಎಲ್ಲವನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದ. ಅನಘಾಳನ್ನೂ ನಂಬಲಿಲ್ಲ, ಪುಸ್ತಕವನ್ನು ಟಿಫಿನ್ ಚೀಲದಲ್ಲಿಟ್ಟು ಮನೆಗೆ ಒಯ್ಯುತ್ತಿದ್ದ. "ನಿಮಗೆ ಎಂತ ಆಗಿದೆ ಮಾರಾಯ್ರೆ, ಅನ್ನಕ್ಕೆ ಕೈ ಹಾಕಿ ಗೋಡೆ ನೋಡ್ತೀರಿ" ಎಂದು ಹೆಂಡತಿ ವಿಮಲಾ ಕೇಳಿದರೆ ಆಫೀಸಿನ ವಿಷಯ ಎಂದು ಬಾಯಿ ಮುಚ್ಚಿಸಿದ. ಬ್ಯಾಂಕಿನ ಮಾತನ್ನು ಮನೆಯಲ್ಲಿ ಆಡಬಾರದೆಂಬುದು ಅವನ ಹದಿನೆಂಟು ವರ್ಷದ ವ್ರತ.

ಸಹಿಯ ವಾರಕ್ಕೆ ಮುಂಚಿನ ಭಾನುವಾರ, ಊರು ಬಿಟ್ಟು ಇಲ್ಲಿಗೆ ಬಂದ ಕರಾವಳಿಯವರೆಲ್ಲ ಸೆಂಬವಾಂಗ್ ಪಾರ್ಕಿನಲ್ಲಿ ಸೇರಿದ್ದರು. ವರ್ಷಕ್ಕೊಮ್ಮೆ ಹೀಗೆ ಕೂಡುವುದು, ಮನೆಗೊಂದು ಅಡುಗೆ ತರುವುದು ಪದ್ಧತಿ. ಗುರುವ ಕೋರಿ ರೊಟ್ಟಿಯ ತಟ್ಟೆ ಹಿಡಿದು ಮರದ ಕೆಳಗೆ ಕೂತಿದ್ದ. ಜುರಾಂಗ್ ಐಲ್ಯಾಂಡಿನಲ್ಲಿ ಇಂಜಿನಿಯರ್ ಆಗಿರುವ ಮನೀಷ್ ಪಕ್ಕದಲ್ಲಿ ಬಂದು ಕುಕ್ಕರಿಸಿದ. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ:

"ಗುರುವಣ್ಣ, ಈಗ ವಾಪಸ್ ಹಾಕ್ಬಹುದಾ?"

"ಎಂತ ಹಾಕುದು?"

"ದುಡ್ಡು. ನಿಮ್ಮ ಬ್ಯಾಂಕಿಗೆ. ಮಾರ್ಚಲ್ಲಿ ನೀವು ಎಫ್‌ಡಿ ಮುರಿದ್ರಲ್ಲ, ಆಗ ನಾವೆಲ್ಲ ತೆಗ್ದದ್ದು. ಪ್ಲಾಂಟ್ ಒಳಗೆ ಫೋನ್ ಬಿಡುದಿಲ್ಲ ಅಲ್ವಾ, ಊಟಕ್ಕೆ ಬಿಟ್ಟ ಕೂಡ್ಲೇ ಲಾಕರಿಂದ ಫೋನ್ ತೆಗ್ದು, ಕ್ಯಾಂಟೀನಲ್ಲೇ ಕೂತು ಟ್ರಾನ್ಸ್‌ಫರ್ ಮಾಡಿದ್ವಿ. ಒಬ್ರಿಗೊಬ್ರು ಹೇಳಿ ಎಲ್ರೂ ಮಾಡಿದ್ರು. ಈಗ ಸರಿ ಆಯ್ತಾ ಅಲ್ಲಿ?"

ಗುರುವನ ಕೈಯಲ್ಲಿದ್ದ ರೊಟ್ಟಿಯ ತುಂಡು ಸಾರಿಗೆ ಬಿತ್ತು. "ಅಲ್ಲಿ ಏನೂ ಆಗಿರ್ಲಿಲ್ಲ ಮಾರಾಯ!"

"ಹಾ ಹಾ, ನೀವು ಹೇಳ್ಲಿಕ್ಕಿಲ್ಲ, ಗೊತ್ತುಂಟು" ಎಂದು ಮನೀಷ್ ಕಣ್ಣು ಮಿಟುಕಿಸಿದ. "ನೀವು ಲಿಫ್ಟನ್ನೇ ನಂಬುದಿಲ್ಲ. ನೀವು ದುಡ್ಡು ಇಟ್ಟ ಬ್ಯಾಂಕು ಅಂತ ತಾನೆ ನಾವು ಇಟ್ಟದ್ದು. ನೀವೇ ತೆಗ್ದ್ರೆ ಮತ್ತೆ ನಾವು ಎಂತ ನೋಡ್ಲಿಕ್ಕೆ ಉಂಟು?"

ಗುರುವ ತಟ್ಟೆ ಕೆಳಗಿಟ್ಟು ಹೆಂಡತಿಯನ್ನು ಹುಡುಕಿಕೊಂಡು ಹೋದ. ಸಮುದ್ರದ ಕಡೆಯ ಬೆಂಚಿನಲ್ಲಿ ಇಬ್ಬರೂ ಕೂತರು. ಮೊದಲು ಅವಳು ತನಗೇನೂ ಗೊತ್ತಿಲ್ಲವೆಂದಳು. ಆಮೇಲೆ ಸೆರಗಿನ ತುದಿ ಹಿಡಿದು ಎಲ್ಲ ಹೇಳಿದಳು. ಮಾರ್ಚಿನಲ್ಲಿ ಅವಳ ಮುಂದಿನ ಎರಡು ಹಲ್ಲು ತೆಗೆಸಿ ಹೊಸದು ಕೂರಿಸಬೇಕಾಗಿತ್ತು. ಇಲ್ಲಿನ ಹಲ್ಲಿನ ಡಾಕ್ಟರರ ಬಿಲ್ಲು ಕೇಳಿದರೆ ಉಳಿದ ಹಲ್ಲೂ ಉದುರಬೇಕು, ಅದಕ್ಕಾಗಿ ಗುರುವ ಮಂಗಳವಾರ ಎಫ್‌ಡಿ ಮುರಿದಿದ್ದ. ಬುಧವಾರ ಬೆಳಿಗ್ಗೆ ಸ್ನೇಹಿತೆ ನಿರುಪಮಾ ಫೋನ್ ಮಾಡಿದಾಗ ಎಫ್‌ಡಿಯ ಮಾತು ಬಾಯಿತಪ್ಪಿ ಬಂತು.

"ಯಾಕೆ ಮುರಿದ್ರು ಅಂತ ಅವಳು ಕೇಳಿದ್ಲು. ಹಲ್ಲು ಅಂತ ಹೇಳ್ಲಿಕ್ಕೆ ನಂಗೆ ನಾಚಿಕೆ ಆಯ್ತು. ಅದೆಲ್ಲ ಹೇಳ್ಲಿಕ್ಕೆ ಆಗುದಿಲ್ಲ ಅಂದೆ. ಅಷ್ಟೇ ಹೇಳಿದ್ದು ನಾನು, ದೇವರಾಣೆ."

ಗುರುವ ಹೆಂಡತಿಯನ್ನು ಬೈಯಲಿಲ್ಲ. ಬೈಯುವ ಶಕ್ತಿಯೇ ಇರಲಿಲ್ಲ. ಯಾವ ಕೈಯನ್ನು ಒಂದು ವಾರದಿಂದ ಹುಡುಕುತ್ತಿದ್ದನೋ ಅದು ತನ್ನದೇ ತೋಳಿನ ತುದಿಯಲ್ಲಿತ್ತು. ತಾನು ಯಾರನ್ನೂ ನಂಬದವನೆಂದೇ ಇಷ್ಟು ಜನ ತನ್ನನ್ನು ನಂಬಿದ್ದಾರೆ ಎಂಬುದು ಅವನಿಗೆ ಹೆಮ್ಮೆ ತರಲಿಲ್ಲ, ಹೆದರಿಕೆ ತಂದಿತು. ಜೊತೆಗೇ ಇನ್ನೊಂದೂ ಹೊಳೆಯಿತು. ಅವನಿಗೆ ಬೇಕಿದ್ದ ಪುರಾವೆ ಸಿಕ್ಕಿತ್ತು. ಕೈಯಲ್ಲಿ ಸಂಬಳ, ಠೇವಣಿಗೆ ವಿಮೆ, ಬ್ಯಾಂಕು ಭದ್ರ, ಆದರೂ ಎರಡು ಹಲ್ಲಿನ ನಾಚಿಕೆಗೆ ನೂರ ಅರವತ್ತಮೂರು ಖಾತೆ ಎದ್ದು ಹೋಗಿತ್ತು. ಖಾತೆ ನೂರ ಅರವತ್ತಮೂರು, ಠೇವಣಿದಾರ ಮಾತ್ರ ಒಬ್ಬನೇ. ಇದನ್ನು ಬರೆದರೆ ಹತ್ತನ್ನು ಯಾರೂ ಅಲ್ಲಗಳೆಯಲಾರರು. ಬರೆಯಬೇಕಾದರೆ ತನ್ನ ಹೆಸರನ್ನೂ ಬರೆಯಬೇಕು. ಬ್ಯಾಂಕಿನ ರಿಸ್ಕ್ ಅಧಿಕಾರಿ ಒಳಗಿನ ಗುಟ್ಟು ತಿಳಿದು ತನ್ನ ಹಣ ತೆಗೆದ, ತನ್ನವರಿಗೂ ಹೇಳಿಕಳಿಸಿದ ಎಂದು ಓದುವವರು ಓದಿದರೆ ತಡೆಯುವವರು ಯಾರು? ಪಾಸ್ ಹೋಯಿತೆಂದೇ ಲೆಕ್ಕ.

ಸೋಮವಾರ ಬೆಳಿಗ್ಗೆ ಸ್ಯೂ ಲೆಂಗಳ ಕೋಣೆಗೆ ಹೋಗಿ ಬಾಗಿಲು ಹಾಕಿದ. ಬೀಗ ಹಾಕಿದ ಕಡತದ ಮಾತೆತ್ತಿದ. ಆಕೆ ಅದನ್ನು ತೆರೆದು ಪರದೆಯನ್ನು ಅವನತ್ತ ತಿರುಗಿಸಿದಳು. ಸಿಬ್ಬಂದಿಯ ಖಾತೆಗಳೂ ಇದ್ದ ಪೂರ್ಣ ಪಟ್ಟಿ. ಮೊದಲ ಸಾಲಿನಲ್ಲಿ, ಎಲ್ಲರಿಗಿಂತ ಒಂದು ದಿನ ಮುಂಚೆ, ಗುರುವ ಪೂಜಾರಿ. ಅದರ ಕೆಳಗೆ ಪೂಜಾರಿ, ಶೆಟ್ಟಿ, ಬಂಗೇರ, ಸುವರ್ಣ, ಕೋಟ್ಯಾನ್, ಸಾಲಿಯಾನ್.

"ಇದನ್ನು ಮೇಲೆ ಕಳಿಸಿದ್ದರೆ ಮೊದಲು ನಿಮ್ಮನ್ನೇ ಕೂರಿಸಿ ಕೇಳುತ್ತಿದ್ದರು. ಮೋಸ ಪತ್ತೆಮಾಡುವವರಿಗೆ ಗುಟ್ಟಾಗಿ ತೋರಿಸಿದೆ, ಮೋಸವಿಲ್ಲ ಅಂದರು. ಬೀಗ ಹಾಕಿದೆ. ನಿಮ್ಮ ಪಾಸ್ ಜುಲೈಗೆ ಬರುತ್ತದೆಂದು ನನಗೆ ಗೊತ್ತು."

ಗುರುವನಿಗೆ ಟಿಫಿನ್ ಚೀಲದ ಪುಸ್ತಕ ನೆನಪಾಗಿ ಕಿವಿ ಬಿಸಿಯಾಯಿತು. ತನ್ನನ್ನು ಕಾಪಾಡಿದವಳ ಊಟ, ಫೋನು, ನಡಿಗೆ ಎಲ್ಲವನ್ನೂ ಅವನು ಕಳ್ಳಿಯ ಲೆಕ್ಕದಲ್ಲಿ ಬರೆದಿಟ್ಟಿದ್ದ. "ಆಗಲೇ ನನ್ನನ್ನು ಕೇಳಬಹುದಿತ್ತಲ್ಲ" ಎಂದ.

"ಏನು ಉತ್ತರ ಬರುತ್ತದೋ ಎಂದು ಹೆದರಿದೆ. ಅದು ನನ್ನ ತಪ್ಪು. ಆದರೆ ನೀವು? ಒಂದು ವಾರದಿಂದ ನನ್ನನ್ನು ನೋಡುತ್ತಲೇ ಇದ್ದೀರಿ, ಗುರು. ಒಮ್ಮೆಯಾದರೂ ಬಂದು ಬೀಗದ ಬಗ್ಗೆ ಕೇಳಿದಿರಾ?"

ಕೇಳಲಿಲ್ಲ ಎಂದು ಅವನು ಒಪ್ಪಿಕೊಂಡ. ಆಮೇಲೆ ಹಲ್ಲಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಆಕೆಗೆ ನಗು ಬಂತು, ನಕ್ಕ ಮೇಲೆ ಮುಖ ಗಂಭೀರವಾಯಿತು. ಐದಕ್ಕೆ ಸಹಿ ಹಾಕಿದರೆ ಈ ಕಡತ ಇಲ್ಲೇ ಇರುತ್ತದೆ, ಹತ್ತು ಬರೆದರೆ ಹೊರಗೆ ಬರುತ್ತದೆ, ಯೋಚಿಸಿ ಎಂದಳು. ಗುರುವ ಆ ಮಧ್ಯಾಹ್ನವೇ ಹತ್ತು ಎಂದು ಬರೆದ. ಜೊತೆಗೆ ಎರಡು ಪುಟದ ಟಿಪ್ಪಣಿ: ನಿಯಮ ಖಾತೆಗಳನ್ನು ಎಣಿಸುತ್ತದೆ, ಅವು ಯಾರ ಮುಖ ನೋಡಿ ಕೂತಿವೆ ಎಂದು ಎಣಿಸುವುದಿಲ್ಲ, ಇಲ್ಲಿ ಆ ಮುಖ ನನ್ನದು, ಕಾರಣ ನನ್ನ ಹೆಂಡತಿಯ ಹಲ್ಲು. ಸ್ಯೂ ಲೆಂಗ್ ಓದಿ, ಶುಕ್ರವಾರದವರೆಗೆ ನನ್ನ ಬಳಿ ಇರಲಿ ಎಂದು ಡ್ರಾಯರಿನಲ್ಲಿಟ್ಟಳು.

ಬುಧವಾರ ಬೆಳಿಗ್ಗೆ ಗುರುವ ಮನೆಯಲ್ಲಿ ಬ್ಯಾಂಕಿನ ಮಾತೆತ್ತಿ ತನ್ನ ವ್ರತ ಮುರಿದ. ಸತ್ಯವನ್ನು ಬಿಚ್ಚಿ ಹೇಳಿದರೆ ಜನ ಸುಮ್ಮನಾಗುತ್ತಾರೆ, ಗುಟ್ಟೇ ಎಲ್ಲಕ್ಕೂ ಮೂಲ ಎಂದು ಅವನಿಗೆ ಆಗ ಬಲವಾಗಿ ಅನಿಸಿತ್ತು. ಎಲ್ಲರಿಗೂ ತಿಳಿಸೆಂದು ವಿಮಲಾಳನ್ನು ಕೇಳಿಕೊಂಡ. ಬ್ಯಾಂಕಿನ ಹೆಸರು ಬೇಡ, ಹಲ್ಲಿನ ವಿಷಯ ಮಾತ್ರ ಸಾಕು. ಪಾಪ, ಅವಳು ಅರ್ಧ ತಾಸು ಫೋನ್ ಹಿಡಿದು ಕೂತಳು. ಕೊನೆಗೆ ಗಂಡನ ಮುಖ ನೋಡಿ, ಕರಾವಳಿಯವರ ಇನ್ನೂರು ಚಿಲ್ಲರೆ ಜನರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ಮಾರ್ಚಿನಲ್ಲಿ ಇವರು ಎಫ್‌ಡಿ ಮುರಿದದ್ದು ನನ್ನ ಎರಡು ಹಲ್ಲಿಗೆ. ಬೇರೆ ಏನೂ ಇಲ್ಲ. ಹೊಸ ಹಲ್ಲಿನ ಫೋಟೋ ಕೂಡ ಹಾಕಿದಳು. ಅದನ್ನು ಹಾಕುವಾಗ ಅವಳ ಕಣ್ಣಲ್ಲಿ ನೀರಿತ್ತು.

ಮೊದಲ ಉತ್ತರ ನಿರುಪಮಾಳದು: ತುಂಬಾ ಚಂದ ಉಂಟು ವಿಮಲಕ್ಕ. ಎರಡನೆಯದು ಮನೀಷನದು, ಗುರುವನಿಗೆ ಮಾತ್ರ ಬಂದದ್ದು: ಗುರುವಣ್ಣ, ಅಕ್ಕನ ಹತ್ರ ಇದನ್ನ ಬರೆಸಬೇಕಾಯ್ತಾ ನಿಮಗೆ? ಅಷ್ಟು ಸೀರಿಯಸ್ ಉಂಟಾ?

ಗುರುವ ಫೋನನ್ನು ಮಗುಚಿಟ್ಟ. ಮರುದಿನ ಮೂರು ಗಂಟೆಗೆ ಅನಘಾ ಬಂದಳು.

"ಸರ್, ನಿನ್ನೆ ಮತ್ತೆ ಆಗಿದೆ. ಸೇಮ್ ಏರಿಯಾ, ಸೇಮ್ ಲಂಚ್ ಟೈಮ್. ಮಾರ್ಚಲ್ಲಿ ಉಳ್ಕೊಂಡಿದ್ದವ್ರಲ್ಲಿ ನಲವತ್ತೊಂದು ಅಕೌಂಟ್. ಈ ಸಲ ಏನಾಗಿತ್ತು ಸರ್?"

"ಈ ಸಲ ನಿಜ ಹೇಳಿದ್ವಿ" ಎಂದ ಗುರುವ. ಅವಳಿಗೆ ಅರ್ಥವಾಗಲಿಲ್ಲ. ಅವನು ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದ, ಅವಳೇ ಕಂಡುಹಿಡಿದದ್ದೆಂದು ಟಿಪ್ಪಣಿಯಲ್ಲಿ ಅವಳ ಹೆಸರನ್ನೂ ಸೇರಿಸುವುದಾಗಿ ಹೇಳಿದ.

ಶುಕ್ರವಾರ ಸ್ಯೂ ಲೆಂಗ್ ಡ್ರಾಯರಿನಿಂದ ಫಾರಂ ತೆಗೆದಳು. ಎರಡನೆಯ ಸಲ ನಡೆದದ್ದನ್ನು ಯಾವ ಬೀಗವೂ ಮುಚ್ಚಲಾರದು ಎಂದು ಇಬ್ಬರಿಗೂ ಗೊತ್ತಿತ್ತು. ಹತ್ತರ ಪಕ್ಕದಲ್ಲಿ ಗುರುವ ಸಹಿ ಹಾಕಿದ, ಕೆಳಗೆ ಆಕೆ ಹಾಕಿದಳು, ಟಿಪ್ಪಣಿಯ ಸಮೇತ ನಿಯಂತ್ರಕರಿಗೆ ಹೋಯಿತು. ಸಂಜೆ ಐದಕ್ಕೆ ಬ್ಯಾಂಕಿನ ಶಿಸ್ತು ವಿಭಾಗದಿಂದ ಗುರುವನಿಗೆ ಪತ್ರ ಬಂತು. ಸೋಮವಾರದಿಂದ ವಿಚಾರಣೆ, ಅದು ಮುಗಿಯುವವರೆಗೆ ಪಾಸಿನ ಅರ್ಜಿಯನ್ನು ಬ್ಯಾಂಕು ಮುಂದಕ್ಕೆ ಕಳಿಸುವುದಿಲ್ಲ. ಸಾಕ್ಷಿ ಹೇಳಲು ತಾನು ಬರುತ್ತೇನೆ ಎಂದು ಸ್ಯೂ ಲೆಂಗ್ ಹೇಳಿದಳು. ಗುರುವ ಟಿಫಿನ್ ಚೀಲದಿಂದ ಆ ಸಣ್ಣ ಪುಸ್ತಕ ತೆಗೆದು ಆಕೆಯ ಕೈಗೇ ಕೊಟ್ಟು, ಅದರಲ್ಲಿ ಏನಿದೆಯೆಂದು ಹೇಳಿ ಕ್ಷಮೆ ಕೇಳಿದ. ಆಕೆ ತೆರೆದು ನೋಡದೆ ಕಾಗದ ಕತ್ತರಿಸುವ ಯಂತ್ರಕ್ಕೆ ಹಾಕಿದಳು.

ಮನೆಯಲ್ಲಿ ವಿಮಲಾ ಬಾಗಿಲಲ್ಲೇ ನಿಂತಿದ್ದಳು. ಬ್ಯಾಗ್ ಇಳಿಸುವ ಮೊದಲೇ ಅವನು ಪತ್ರ ತೋರಿಸಿದ, ನಡೆದದ್ದೆಲ್ಲ ಹೇಳಿದ, ಒಂದನ್ನೂ ಬಿಡಲಿಲ್ಲ.

"ಹಾಗಾದ್ರೆ ಕೆಲಸ ಹೋಗ್ತದಾ?" ಎಂದು ಕೇಳಿದಳು.

"ಗೊತ್ತಿಲ್ಲ" ಎಂದ ಗುರುವ. ಅದು ಅಪ್ಪಟ ನಿಜ.

ವಿಮಲಾ ಅವನ ಮುಖವನ್ನೇ ನೋಡಿದಳು. ಕಣ್ಣು ನೋಡಿದಳು, ತುಟಿ ನೋಡಿದಳು, ಕೈಯಲ್ಲಿದ್ದ ಪತ್ರವನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಮಗಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದಳು:

"ನಿಜ ಹೇಳಿ ಮಾರಾಯ್ರೆ. ನಿಮಗೆ ಗೊತ್ತುಂಟು."